ಮೋಜಿನ ಕೆರೆಯ ಏರಿಯನ್ನು ಪುಕ್ಕಟೆ ಬರೆದುಕೊಡುತ್ತಾರಂತೆ, ತಗೊಳ್ಳಬಹುದಾ?

ದೋಣಿಪ್ರಿಯ:

ನಮ್ಮದು ಕೆಲವೇ ಮನೆಗಳ ಪುಟ್ಟ ಬಡಾವಣೆ. ಮಧ್ಯೆ ಒಂದು ಖಾಸಗಿ ಕೆರೆ. ಬೇಸಾಯಕ್ಕಲ್ಲ, ಕುಡಿಯುವ ನೀರಿಗೂ ಅಲ್ಲ. ದೋಣಿ ಓಡಿಸೋಕೆ, ಗಾಳ ಹಾಕೋಕೆ, ಸಂಜೆ ಕಾಲು ಇಳಿಬಿಟ್ಟು ಕೂರೋಕೆ, ಅಷ್ಟೇ. ಜಾಗ ಅಭಿವೃದ್ಧಿ ಮಾಡಿ ನಮಗೆ ಮಾರಿದವರೇ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿದ್ದು. ಮನೆಗಳು ನಮ್ಮ ಹೆಸರಿನಲ್ಲಿವೆ. ಏರಿ, ಕೋಡಿ, ತೂಬು ಮಾತ್ರ ಇವತ್ತಿಗೂ ಅವರ ಹೆಸರಿನಲ್ಲಿವೆ.

ಈಗ ಅವರು ಅಂಗಡಿ ಮುಚ್ಚುತ್ತಿದ್ದಾರೆ. ಏರಿಯನ್ನು ನಿಮ್ಮ ಸಂಘಕ್ಕೆ ಪುಕ್ಕಟೆ ಬರೆದುಕೊಡುತ್ತೇವೆ, ತಿಂಗಳ ಕೊನೆಯೊಳಗೆ ಸಹಿ ಹಾಕಿ ಅಂತ ಪತ್ರ ಬಂದಿದೆ. ಸಂಘದಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ನನಗೆ ಮಾತ್ರ ಪುಕ್ಕಟೆ ಅಂದ ಕೂಡಲೇ ಕಸಿವಿಸಿ ಶುರುವಾಗಿದೆ.

ಅಳತೆ ಹೇಳುತ್ತೇನೆ. ಏರಿಯ ಎತ್ತರ ಸುಮಾರು 6 ಮೀಟರ್, ಉದ್ದ 90 ಮೀಟರ್. ತುಂಬಿದಾಗ ನೀರಿನ ಹರವು 3 ಹೆಕ್ಟೇರ್, ಅತಿ ಆಳದ ಕಡೆ 5 ಮೀಟರ್. ಕೋಡಿ 4 ಮೀಟರ್ ಅಗಲದ ಕಾಂಕ್ರೀಟಿನದು. ಮೀನು ಕೊಚ್ಚಿಹೋಗದಿರಲಿ ಅಂತ ಅದಕ್ಕೆ ತಂತಿ ಬಲೆ ಬಿಗಿದಿದ್ದಾರೆ. ದೋಣಿಗೆ ನೀರು ಜಾಸ್ತಿ ಸಿಗಲಿ ಅಂತ ಕೋಡಿಗೆ ಅಡ್ಡಲಾಗಿ ಒಂದಡಿ ಎತ್ತರ ಹಲಗೆ ಕೂಡ ಇಟ್ಟಿದ್ದಾರೆ. ತೂಬಿನ ಪೈಪು ಸುಕ್ಕುತಗಡಿನದು, ಅದರ ವಾಲ್ವ್ ಏರಿಯ ಹೊರಬದಿ ಬುಡದಲ್ಲಿದೆ. ಅದನ್ನು ತಿರುಗಿಸಿದ್ದು ಇಲ್ಲಿ ಯಾರಿಗೂ ನೆನಪಿಲ್ಲ. ಏರಿಯ ಮೇಲೆ ಗಾಡಿ ಓಡಾಡಿ ನಡುವೆ ಒಂದು ಕಡೆ ತಗ್ಗಾಗಿದೆ. ಹೊರ ಇಳಿಜಾರಿನಲ್ಲಿ ದೊಡ್ಡ ದೊಡ್ಡ ಮರಗಳಿವೆ. ನೆರಳು ಚೆನ್ನಾಗಿದೆ ಅಂತ ಅಲ್ಲೊಂದು ಬೆಂಚೂ ಇದೆ. ಬುಡದಲ್ಲಿ ಒಂದು ಚಾಪೆಯಷ್ಟು ಜಾಗ ಬೇಸಿಗೆಯಲ್ಲೂ ಒಣಗುವುದಿಲ್ಲ, ಅಲ್ಲಿ ಜೊಂಡು ಬೆಳೆದಿದೆ.

ಕೆಳಗೆ ಹಳ್ಳ ಒಂದು ರಸ್ತೆ ದಾಟುತ್ತದೆ. ಅದರಾಚೆ ಮೂರು ಮನೆ.

ಸಹಿ ಹಾಕಬಹುದಾ? ಹಾಕುವ ಮೊದಲು ಏನು ಕೇಳಬೇಕು?

ಗಾಳಗಾರ:

ಪುಕ್ಕಟೆ ಕೆರೆ ಸಿಗುತ್ತಿದೆ, ಅದಕ್ಕೂ ಯೋಚನೆ ಮಾಡುತ್ತೀರಲ್ಲ! ಇಷ್ಟು ವರ್ಷ ನಿಂತ ಏರಿ ನಾಳೆ ಬೆಳಿಗ್ಗೆ ಬೀಳುತ್ತಾ? ಸಹಿ ಹಾಕಿ, ಒಂದು ದೋಣಿ ಜಾಸ್ತಿ ತಗೊಳ್ಳಿ.

ಏರಿಕೆಲಸ:

ಗಾಳಗಾರ ಅವರೇ, ಇಷ್ಟು ವರ್ಷ ನಿಂತಿದೆ ಅನ್ನುವುದು ಏರಿಯ ವಿಷಯದಲ್ಲಿ ಸಮಾಧಾನದ ಮಾತಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಂತ ಒಂದು ಅಣೆಕಟ್ಟು ಇತ್ತು. ಮೊದಲು ಸಣ್ಣ ವಿದ್ಯುತ್ ಘಟಕಕ್ಕೆ ಅಂತ ಕಟ್ಟಿದ್ದು. 1957ರಲ್ಲಿ ವಿದ್ಯುತ್ ನಿಂತಿತು, ಆಮೇಲೆ ಅದು ಬರೀ ವಿಹಾರದ ಕೆರೆ. ಎತ್ತರ 12 ಮೀಟರ್ ಆಸುಪಾಸು. 1977ರ ನವೆಂಬರ್ 6ರ ನಡುರಾತ್ರಿ ಮಳೆಯಲ್ಲಿ ಒಡೆಯಿತು. ಕೆಳಗಿದ್ದ ಕಾಲೇಜಿನ ಆವರಣದಲ್ಲಿ ಮಲಗಿದ್ದ 39 ಜನ ಹೋದರು. ಹೊರ ಇಳಿಜಾರು ತೀರಾ ಕಡಿದಾಗಿತ್ತು, ಮೈಮೇಲೆ ಮರಗಳಿದ್ದವು, ಕೆಲವು ವರ್ಷ ಮೊದಲೇ ಒಂದು ಕಡೆ ಮಣ್ಣು ಜರಿದಿತ್ತು. ಆ ದುರಂತದ ನಂತರವೇ ಅಧ್ಯಕ್ಷ ಕಾರ್ಟರ್ ಖಾಸಗಿಯವರ ಅಪಾಯದ ಅಣೆಕಟ್ಟುಗಳನ್ನೂ ಪರೀಕ್ಷೆ ಮಾಡಿಸಿದ್ದು.

ದೋಣಿಪ್ರಿಯ ಅವರೇ, ಸಹಿ ವಿಷಯ ಆಮೇಲೆ. ಮೊದಲು ಕೋಡಿಯ ಬಲೆ ಬಿಚ್ಚಿಸಿ, ಹಲಗೆ ತೆಗೆಸಿ. ಇದಕ್ಕೆ ಯಾರ ವರದಿಯೂ ಬೇಡ. ಹಲಗೆಯನ್ನು ಒಮ್ಮೆಗೇ ಕೀಳಬೇಡಿ, ಕೆಳಗಿನವರಿಗೆ ಒಂದು ಮಾತು ಹೇಳಿ ಒಂದೊಂದಾಗಿ ತೆಗೆಯಿರಿ.

ಯಾಕೆ ಅಂತ ಲೆಕ್ಕದಲ್ಲೇ ನೋಡಿ. ಕೋಡಿಯ ತಳದಿಂದ ಏರಿಯ ತಲೆಗೆ ಎಷ್ಟಿದೆ ನೀವು ಹೇಳಿಲ್ಲ. ಆಳ ಮತ್ತು ಎತ್ತರ ನೋಡಿದರೆ 1 ಮೀಟರ್ ಅಂತ ಇಟ್ಟುಕೊಳ್ಳೋಣ. 4 ಮೀಟರ್ ಅಗಲದ ಕೋಡಿಯಲ್ಲಿ ನೀರು 1 ಮೀಟರ್ ಏರಿ ಹರಿದರೆ ಸೆಕೆಂಡಿಗೆ ಸುಮಾರು 6.8 ಘನ ಮೀಟರ್ ಹೊರಗೆ ಹೋಗುತ್ತದೆ. ಈಗ ಹಲಗೆ 30 ಸೆಂಟಿಮೀಟರ್ ತಿಂದಿತು. ಏರಿಯ ಮೇಲಿನ ತಗ್ಗು ಇನ್ನೊಂದು 30 ತಿಂದಿತು ಅನ್ನಿ. ಉಳಿದದ್ದು 40 ಸೆಂಟಿಮೀಟರ್. ಅಷ್ಟರಲ್ಲಿ ಹೋಗುವುದು 1.7 ಘನ ಮೀಟರ್ ಮಾತ್ರ. ಎತ್ತರ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಯಿತು, ಕೋಡಿಯ ಶಕ್ತಿ ಮಾತ್ರ ಕಾಲು ಭಾಗಕ್ಕೆ ಬಂತು. ಬಲೆಗೆ ಸೊಪ್ಪು ಸದೆ ಬಂದು ಕೂತರೆ ಅದೂ ಇಲ್ಲ. ಆಮೇಲೆ ನೀರು ತಗ್ಗು ಇರುವ ಕಡೆ ಏರಿ ಹತ್ತುತ್ತದೆ. ಮಣ್ಣಿನ ಏರಿ ಕೋಡಿಯಲ್ಲಿ ಹರಿಯುವ ನೀರನ್ನು ಎಷ್ಟು ಬೇಕಾದರೂ ತಾಳಿಕೊಳ್ಳುತ್ತದೆ, ತಲೆಯ ಮೇಲೆ ಹರಿಯುವುದನ್ನು ತಾಳಿಕೊಳ್ಳುವುದಿಲ್ಲ. ಹೊರ ಇಳಿಜಾರು ಕೊರೆಯುತ್ತಾ ಕೊರೆಯುತ್ತಾ ಬಂದು ತಲೆಯೇ ಕಡಿದುಹೋಗುತ್ತದೆ.

ನೀವು ಬರೆದದ್ದು ಓದುತ್ತಿದ್ದಾಗ ನನಗೆ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ನೆನಪಾಯಿತು. ಅದು ದೊಡ್ಡದು, 22 ಮೀಟರ್. ಆದರೆ ಅದೂ ಖಾಸಗಿ ಕ್ಲಬ್ಬಿನ ಮೋಜಿನ ಕೆರೆಯೇ. ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ಕುದುರೆ ಗಾಡಿ ಓಡಾಡಲು ಏರಿಯ ತಲೆ ತಗ್ಗಿಸಿ ಅಗಲ ಮಾಡಿದ್ದರು. ನಡುಭಾಗ ಕುಸಿದು ತಗ್ಗಾಗಿತ್ತು. ತಳದ ಪೈಪುಗಳನ್ನು ಹಿಂದಿನ ಮಾಲೀಕ ಕಿತ್ತು ಮಾರಿದ್ದ, ಆಮೇಲೆ ಯಾರೂ ಹಾಕಿಸಲಿಲ್ಲ. ಅಂದರೆ ನೀರು ಇಳಿಸುವ ದಾರಿಯೇ ಇರಲಿಲ್ಲ. 1889ರ ಮೇ 31ರಂದು ಏರಿ ತುಳುಕಿ ಒಡೆಯಿತು. ಕೆಳಗೆ ಜಾನ್ಸ್‌ಟೌನ್ ಪಟ್ಟಣ. ಸತ್ತವರು 2,209. ಬಲೆ, ತಗ್ಗು, ಕೆಲಸಕ್ಕೆ ಬಾರದ ತೂಬು, ನಿಮ್ಮಲ್ಲಿ ಮೂರೂ ಇವೆ ಅಲ್ವಾ?

ಇನ್ನು ಆ ಜೊಂಡು. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗುವುದು ಸಹಜ. ಜಿನುಗು ಇದೆಯಾ ಅನ್ನುವುದಕ್ಕಿಂತ ಅದು ಮಣ್ಣು ತರುತ್ತಿದೆಯಾ, ಬರುಬರುತ್ತಾ ಜಾಸ್ತಿಯಾಗುತ್ತಿದೆಯಾ ಅನ್ನುವುದನ್ನು ನೋಡಬೇಕು. ಒಂದು ಸಣ್ಣ ಕಾಲುವೆ ತೋಡಿ ನೀರು ಒಂದೇ ಕಡೆ ಬೀಳುವ ಹಾಗೆ ಮಾಡಿ. ಗಾಜಿನ ಸೀಸೆಯಲ್ಲಿ ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಣ್ಣು ಕೂತಿದ್ದರೆ ಏರಿ ಒಳಗಿನಿಂದ ಕರಗುತ್ತಿದೆ ಅಂತ ಅರ್ಥ. ತಿಳಿಯಾಗಿದ್ದರೆ ಬಕೆಟ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ, ಜೊತೆಗೆ ಕೆರೆಯ ಮಟ್ಟವನ್ನೂ ಬರೆದಿಡಿ. ಕೆರೆ ಮೇಲಕ್ಕೆ ಬಂದಾಗ ಜಿನುಗು ಹೆಚ್ಚಿದರೆ ಗಾಬರಿ ಬೇಡ. ಕೆರೆ ಇದ್ದಷ್ಟೇ ಇದ್ದು, ಮಳೆಯೂ ಇಲ್ಲದೆ ಜಿನುಗು ಮಾತ್ರ ಹೆಚ್ಚಿದರೆ ಅವತ್ತೇ ಇಂಜಿನಿಯರ್‌ಗೆ ಫೋನ್ ಮಾಡಿ. ನೀರು ಉಕ್ಕುವ ಕಡೆ ಸುತ್ತಲೂ ಇರುವೆ ಗೂಡಿನ ಥರ ಮರಳಿನ ಉಂಗುರ ಕಂಡರೂ ಅಷ್ಟೇ.

ದಯವಿಟ್ಟು ಯಾರಾದರೂ ಬುದ್ಧಿವಂತರು ಹೊರಗಿನಿಂದ ಜೇಡಿಮಣ್ಣು ಮೆತ್ತಿ ಮುಚ್ಚಲು ಬಿಡಬೇಡಿ. ನೀರು ಒಳಗೇ ಒತ್ತಡ ಕಟ್ಟಿ ಇನ್ನೆಲ್ಲೋ ಬಾಯಿ ಬಿಡುತ್ತದೆ. ಹೊರಬದಿಯಲ್ಲಿ ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಕುತ್ತಾರೆ. ನೀರು ಹೋಗಬೇಕು, ಮಣ್ಣು ಹೋಗಬಾರದು.

ಕಾಗದಪತ್ರ:

ನಾನು ಜಮೀನು ವ್ಯಾಜ್ಯದ ಕೆಲಸ ಮಾಡುವವನು, ಮಣ್ಣಿನ ವಿಷಯ ಮೇಲಿನವರಿಗೆ ಬಿಟ್ಟೆ.

ಏರಿ ಪುಕ್ಕಟೆ ಅಂದರೆ ಹೊಣೆ ಪುಕ್ಕಟೆ ಕೈ ಬದಲಾಯಿಸುತ್ತಿದೆ ಅಂತ ಓದಿಕೊಳ್ಳಿ. 1868ರ ಒಂದು ಇಂಗ್ಲಿಷ್ ತೀರ್ಪು ಇವತ್ತಿಗೂ ಈ ವಿಷಯದ ತಾಯಿಬೇರು. ರೈಲ್ಯಾಂಡ್ಸ್ ಅನ್ನುವ ಗಿರಣಿ ಮಾಲೀಕ ತನ್ನ ಜಾಗದಲ್ಲಿ ಕೆರೆ ಕಟ್ಟಿಸಿದ. ಅಡಿಯಲ್ಲಿ ಹಳೆಯ ಗಣಿ ಬಾವಿಗಳಿದ್ದವು. ಕೆಲಸದವರು ಅವನ್ನು ಸರಿಯಾಗಿ ಮುಚ್ಚಲಿಲ್ಲ. ನೀರು ನುಗ್ಗಿ ಪಕ್ಕದ ಫ್ಲೆಚರ್ ಅವರ ಗಣಿ ಮುಳುಗಿತು. ಮಾಲೀಕನಿಗೆ ಆ ಬಾವಿಗಳ ವಿಷಯವೇ ಗೊತ್ತಿರಲಿಲ್ಲ. ಆದರೂ ನಷ್ಟ ಕಟ್ಟಿಕೊಡಬೇಕಾಯಿತು. ಹೊರಬಂದರೆ ಹಾನಿ ಮಾಡುವಂಥದ್ದನ್ನು ನಿನ್ನ ಜಾಗದಲ್ಲಿ ಕೂಡಿಟ್ಟಿದ್ದೀಯ, ಅದು ಹೊರಬಂದರೆ ನೀನೇ ಹೊಣೆ ಅಂತ. ಎಲ್ಲ ದೇಶಗಳೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಆದರೆ ನಮಗೇನು ಗೊತ್ತಿತ್ತು ಸ್ವಾಮಿ ಅನ್ನುವ ವಾದ ಏರಿಯ ಮಾಲೀಕರಿಗೆ ಎಲ್ಲೂ ಭದ್ರವಾದ ನೆಲೆಯಲ್ಲ. ನೀವಂತೂ ಜೊಂಡು, ತಗ್ಗು, ಬಲೆ ಎಲ್ಲ ಇಲ್ಲಿ ಬರೆದೇ ಬಿಟ್ಟಿದ್ದೀರಿ!

ಹವಾಯಿಯ ಕಾವಾಯಿ ದ್ವೀಪದಲ್ಲಿ ಕಾ ಲೋಕೋ ಅನ್ನುವ ಖಾಸಗಿ ಜಾಗದ ಏರಿ 2006ರ ಮಾರ್ಚ್ 14ರಂದು ಒಡೆದು 7 ಜನ ಸತ್ತರು. ಕೋಡಿ ಮುಚ್ಚಿಹೋಗಿದ್ದದ್ದು ದೊಡ್ಡ ವಿವಾದವಾಯಿತು. ಅಲ್ಲಿ ಮಾಲೀಕರಿಗೆ ಜೈಲೂ ಆಯಿತು. ದುಡ್ಡಿನಲ್ಲೇ ಮುಗಿಯುವ ಮಾತಲ್ಲ.

ಸರ್ಕಾರದ ತಪಾಸಣೆ ಇರುತ್ತಲ್ಲ ಅಂತಲೂ ಕೂರಬೇಡಿ. ನಿಮ್ಮ ಕೆರೆಯ ನೀರನ್ನು ಹರವು, ಅತಿ ಹೆಚ್ಚಿನ ಆಳ, 0.4 (ಎಲ್ಲ ಕಡೆ ಅಷ್ಟೇ ಆಳ ಇರುವುದಿಲ್ಲವಲ್ಲ), ಈ ಮೂರನ್ನೂ ಗುಣಿಸಿ ಅಂದಾಜು ಮಾಡಿದರೆ 60,000 ಘನ ಮೀಟರ್ ಬರುತ್ತದೆ. ಇಂಗ್ಲೆಂಡಿನಲ್ಲಿ 25,000 ದಾಟಿದರೆ ಕಾನೂನಿನ ಕಣ್ಣಿಗೆ ಬೀಳುತ್ತದೆ. ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಎತ್ತರ ನೋಡುತ್ತದೆ. 15 ಮೀಟರ್ ದಾಟಿದ್ದು, ಅಥವಾ 10ರಿಂದ 15ರ ನಡುವೆ ಕೆಲವು ಷರತ್ತಿಗೆ ಒಳಪಟ್ಟದ್ದು ಮಾತ್ರ. ಅದೇ ಏರಿ ಒಂದು ಕಡೆ ಕಾನೂನಿನೊಳಗೆ, ಇನ್ನೊಂದು ಕಡೆ ಹೊರಗೆ. ಕಾಯ್ದೆಯ ಹೊರಗೆ ಉಳಿದರೂ ನಷ್ಟದ ಹೊಣೆ ಹೊರಗೆ ಉಳಿಯುವುದಿಲ್ಲ.

ನಾನಾದರೆ ಕೇಳುವುದು ಇಷ್ಟು. ಏರಿಯ ಬುಡದ ಜಾಗ ಯಾರದು? ಹೊರಬದಿಯಲ್ಲಿ ಜೆಸಿಬಿ ನಿಲ್ಲಿಸುವಷ್ಟು ಜಾಗ ಪತ್ರದಲ್ಲಿ ಸೇರಿದೆಯಾ? ಏರಿ ನಿಮ್ಮದಾಗಿ ಅದಕ್ಕೆ ಹೋಗುವ ದಾರಿ ಬೇರೆಯವರದಾದರೆ ರಿಪೇರಿ ದಿನ ಬೇಲಿ ಹಾಕಿ ನಿಲ್ಲಿಸುತ್ತಾರೆ. ನೀರು ಇಳಿಸುವ ಹಕ್ಕು ಯಾರಿಗೆ? ಕೆರೆಯಂಚಿನ ಒಬ್ಬ ಮನೆಯವರು ನಮ್ಮ ನೋಟ ಹಾಳಾಗುತ್ತದೆ ಅಂತ ತಡೆಯಾಜ್ಞೆ ತರಬಹುದಾ? ಕಟ್ಟಿದಾಗಿನ ನಕ್ಷೆ ಎಲ್ಲಿದೆ? ಖರ್ಚಿಗೆ ಪ್ರತಿ ಮನೆಯೂ ಕೊಡಲೇಬೇಕು ಅನ್ನುವ ನಿಯಮ ಸಂಘದ ಬೈಲಾದಲ್ಲಿ ಇದೆಯಾ, ಅಥವಾ ಕೊಡುವವರು ಕೊಡಲಿ ಅಂತಲಾ? ವಿಮೆ ಕಂಪನಿಗೆ ಏರಿ ಇದೆ ಅಂತ ಬಾಯಿಬಿಟ್ಟು ಹೇಳಿ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಸಾಮಾನ್ಯ ಪಾಲಿಸಿಯಲ್ಲಿ ಅಣೆಕಟ್ಟನ್ನು ಹೊರಗಿಟ್ಟಿರುವ ಸಾಲು ಒಳಗೆಲ್ಲೋ ಇರುತ್ತದೆ.

ತಿಂಗಳ ಕೊನೆ ಅನ್ನುವುದು ಅವರ ಗಡುವು, ನಿಮ್ಮದಲ್ಲ.

ದೋಣಿಪ್ರಿಯ:

ಎಲ್ಲರಿಗೂ ಧನ್ಯವಾದ. ಬಲೆ ಬಿಚ್ಚಿದ್ದಾಯಿತು. ಹಲಗೆಗೆ ಸಭೆಯಲ್ಲಿ ಜಗಳವಾಯಿತು. ದೋಣಿಕಟ್ಟೆ ಮುಂದೆ ಕೆಸರು ಕಾಣುತ್ತದಂತೆ. ಕಾಲು ಭಾಗದ ಲೆಕ್ಕ ಓದಿ ಹೇಳಿದ ಮೇಲೆ ಸುಮ್ಮನಾದರು. ಒಂದು ಮೀಟರ್ ಅಂತ ನೀವು ಊಹಿಸಿದ್ದು ಬಹುತೇಕ ಸರಿ ಇದೆ, ಏರಿಕೆಲಸ ಸರ್. ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿದೆವು. ತಗ್ಗು ಮಾತ್ರ ಒಂದಡಿಗಿಂತ ಸ್ವಲ್ಪ ಜಾಸ್ತಿಯೇ ಇದೆ.

ಸೀಸೆಯ ನೀರು ತಿಳಿಯಾಗಿದೆ. ತಳದಲ್ಲಿ ಒಂದೆರಡು ಬೇರಿನ ಚೂರು ಬಿಟ್ಟರೆ ಏನಿಲ್ಲ. ಆದರೆ ಜೊಂಡಿನ ಪಕ್ಕದಲ್ಲೇ ತೂಬಿನ ಪೈಪು ಹೊರಬರುತ್ತದೆ. ಪೈಪಿನ ಒಳಗಿಂದ ಹನಿ ಬೀಳುತ್ತಿಲ್ಲ, ಪೈಪಿನ ಹೊರಮೈ ಸುತ್ತ ಮಣ್ಣು ಒದ್ದೆ. ಕಡ್ಡಿ ಚುಚ್ಚಿದರೆ ಮೇಲ್ಭಾಗದಲ್ಲಿ ಸಲೀಸಾಗಿ ಇಳಿಯುತ್ತದೆ, ಬದಿಯಲ್ಲಿ ಇಳಿಯುವುದಿಲ್ಲ. ವಾಲ್ವ್ ತಿರುಗಿಸಿ ನೋಡೋಣ ಅಂತ ಪಕ್ಕದ ಮನೆಯವರು ಉದ್ದನೆಯ ಕಬ್ಬಿಣದ ಪೈಪು ತಂದಿದ್ದಾರೆ. ತಿರುಗಿಸಬಹುದಾ? ಮರಗಳನ್ನು ಕಡಿಸಬೇಕಾ?

ಕೆಳದಂಡೆ:

ನಾನು ಇನ್ನೊಂದು ಖಾಸಗಿ ಕೆರೆಯ ಕೆಳಗೆ ಇರುವವಳು. ನಿಮ್ಮ ಮೂರು ಮನೆಗಳಂಥದ್ದೇ ಒಂದು ಮನೆ ನಮ್ಮದು.

ನಿಮ್ಮ ಮೊದಲ ಪೋಸ್ಟಿನಲ್ಲಿ ಕೆರೆಗೆ ಅಷ್ಟು ಸಾಲು, ಕೆಳಗಿನ ಮನೆಗಳಿಗೆ ಮೂರು ಪದ. ಕೋಪದಿಂದ ಹೇಳುತ್ತಿಲ್ಲ, ಎಲ್ಲ ಕಡೆ ಹೀಗೇ. ಮೇಲಿನವರಿಗೆ ಅದು ನೋಟ, ದೋಣಿ. ನಮಗೆ ಮಳೆಗಾಲದ ರಾತ್ರಿ ಹಳ್ಳದ ಸದ್ದು ಬದಲಾಯಿತಾ ಅಂತ ಕಿವಿಗೊಡುವ ಕೆಲಸ. ನಮ್ಮ ಮೇಲಿನ ಕೆರೆಯವರು ಒಮ್ಮೆ ಹೇಳದೆ ಕೇಳದೆ ತೂಬು ಎತ್ತಿದರು. ಹಳ್ಳದ ಪಕ್ಕ ಕಟ್ಟಿದ್ದ ಎಮ್ಮೆಯ ಹಗ್ಗ ಬಿಚ್ಚುವಷ್ಟರಲ್ಲಿ ಮೊಣಕಾಲುದ್ದ ನೀರು ಬಂದಿತ್ತು. ಏರಿ ಒಡೆದದ್ದಲ್ಲ, ಬರೀ ತೂಬು.

ನೀವು ಏರಿಯಿಂದ ಕೆಳಗೆ ಹಳ್ಳದ ಜೊತೆ ನಡೆದು ಹೋಗಿ. ರಸ್ತೆಯ ಮೋರಿ ಎಷ್ಟು ದೊಡ್ಡದು ನೋಡಿ. ಸಣ್ಣದಾದರೆ ರಸ್ತೆಯೇ ಎರಡನೇ ಏರಿಯಾಗಿ ನೀರು ಕಟ್ಟಿ, ಆಮೇಲೆ ಅದೂ ಒಡೆಯುತ್ತದೆ. ಆ ಮೂರು ಮನೆಯಲ್ಲಿ ಯಾರು ಯಾರಿದ್ದಾರೆ, ನಡೆಯಲಾಗದವರು ಇದ್ದಾರಾ, ರಾತ್ರಿ ಫೋನ್ ಎತ್ತುತ್ತಾರಾ, ಎತ್ತದಿದ್ದರೆ ಯಾರು ಹೋಗಿ ಬಾಗಿಲು ಬಡಿಯಬೇಕು, ಯಾವ ದಿಕ್ಕಿಗೆ ಓಡಬೇಕು ಅಂತ ಕೂತು ಬರೆಯಿರಿ. ಒಂದು ಹಾಳೆ ಸಾಕು. ಒಂದು ಪ್ರತಿ ಅವರ ಮನೆಯಲ್ಲೂ ಇರಲಿ. ಏರಿಯ ಮಾಲೀಕರು ಬಂದು ಬಾಗಿಲು ತಟ್ಟಿ ಮಾತಾಡಿಸಿದರೆ ಯಾರೂ ಗದರುವುದಿಲ್ಲ. ನನ್ನ ಬಾಗಿಲನ್ನು ಇವತ್ತಿನವರೆಗೆ ಯಾರೂ ತಟ್ಟಿಲ್ಲ.

ಗಾಳಗಾರ:

ನಾನು ಮೇಲೆ ಬರೆದದ್ದು ತಮಾಷೆಗೆ. ಆದರೂ ಒಂದು ಪ್ರಶ್ನೆ. ಇಷ್ಟೆಲ್ಲ ತಲೆನೋವಾದರೆ ಯಾರೂ ತಗೊಳ್ಳದೆ ಬಿಟ್ಟರೆ ಆಗಲ್ವಾ?

ಕಾಗದಪತ್ರ:

ಬಿಡಬಹುದು. ಆಗ ಅವರು ಬಾಗಿಲು ಮುಚ್ಚಿಕೊಂಡು ಹೋಗುತ್ತಾರೆ, ಏರಿ ಅನಾಥವಾಗುತ್ತದೆ. ಕೋಡಿಯ ಕಸ ತೆಗೆಯುವವರೂ ಇರುವುದಿಲ್ಲ. ಅದಕ್ಕಿಂತ ಅವರು ಇನ್ನೂ ಇರುವಾಗಲೇ ಚೌಕಾಸಿ ಮಾಡುವುದು ಮೇಲು. ಸ್ವತಂತ್ರ ಇಂಜಿನಿಯರ್ ವರದಿ ಬರಲಿ. ರಿಪೇರಿ ಅವರೇ ಮಾಡಿಸಲಿ, ಇಲ್ಲವಾದರೆ ಅಷ್ಟು ಹಣ ಸಂಘದ ಖಾತೆಗೆ ಹಾಕಿ ಆಮೇಲೆ ಪತ್ರ ಮಾಡಲಿ. ಇನ್ನೊಂದು ದಾರಿಯನ್ನು ಜನ ಬಾಯಿಗೇ ತರುವುದಿಲ್ಲ. ಏರಿಯನ್ನು ತಗ್ಗಿಸಿ ಸಣ್ಣ ಕೊಳ ಮಾಡುವುದು, ಅಥವಾ ಪೂರ್ತಿ ಬಿಡಿಸಿ ಹಳ್ಳ ಮೊದಲಿನಂತೆ ಹರಿಯಲು ಬಿಡುವುದು. ಅದರ ಖರ್ಚನ್ನೂ ವರದಿಯಲ್ಲೇ ಕೇಳಿ. ಚೌಕಾಸಿಗೆ ಕೂತಾಗ ಆ ಅಂಕಿ ಕೈಯಲ್ಲಿರಬೇಕು.

ಏರಿಕೆಲಸ:

ಕಬ್ಬಿಣದ ಪೈಪು ಮನೆಗೆ ವಾಪಸ್ ಹೋಗಲಿ. ವಾಲ್ವ್ ಮುಟ್ಟಬೇಡಿ.

ವಾಲ್ವ್ ಹೊರಬದಿಯಲ್ಲಿದೆ ಅಂದರೆ ಏರಿಯ ಹೊಟ್ಟೆಯೊಳಗಿನ ಪೈಪಿನಲ್ಲಿ ಹಗಲೂ ರಾತ್ರಿ ಕೆರೆಯ ಪೂರ್ತಿ ಒತ್ತಡ ಇರುತ್ತದೆ. ಸುಕ್ಕುತಗಡು ತುಕ್ಕು ಹಿಡಿದು ಸೂಜಿ ತೂತಾದರೂ ನೀರು ಸುತ್ತಲಿನ ಮಣ್ಣಿಗೆ ಚಿಮ್ಮುತ್ತದೆ. ಕೊಲೊರಾಡೋದ ಲಾನ್ ಲೇಕ್ ಏರಿ 1982ರಲ್ಲಿ ಒಡೆದದ್ದು ತೂಬಿನ ಪೈಪು ಮತ್ತು ವಾಲ್ವ್ ಸೇರುವ ಕಡೆಯ ಸೋರಿಕೆಯಿಂದ. ಅಲ್ಲಿ ಮೂರು ಜೀವ ಹೋದವು. ಗೇಟು ಒಳಬದಿಯಲ್ಲಿದ್ದರೆ ಮುಚ್ಚಿದಾಗ ಪೈಪು ಖಾಲಿ, ಒಳಗೆ ಕ್ಯಾಮೆರಾ ಬಿಟ್ಟು ನೋಡಬಹುದು. ನಿಮ್ಮದು ಹಾಗಿಲ್ಲ. ಹಳೇ ವಾಲ್ವಿಗೆ ಸನ್ನೆ ಹಾಕಿ ತಿರುಗಿಸಿದರೆ ಕಿತ್ತುಬರಬಹುದು, ಆಮೇಲೆ ಮುಚ್ಚಲು ನಿಮ್ಮ ಹತ್ತಿರ ಏನೂ ಇಲ್ಲ.

ಕಡ್ಡಿ ಪೈಪಿನ ಮೇಲ್ಭಾಗದಲ್ಲಿ ಸಲೀಸಾಗಿ ಇಳಿಯಿತು ಅಂದಿರಲ್ಲ, ಎಲ್ಲಕ್ಕಿಂತ ಜಾಸ್ತಿ ನನಗೆ ಚಿಂತೆ ಅದೇ. ಪೈಪಿನ ಸುತ್ತ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡುವುದು ಕಷ್ಟ, ರೋಲರ್ ಹೋಗುವುದಿಲ್ಲ. ನೀರು ಹುಡುಕುವುದು ಆ ದಾರಿಯನ್ನೇ. ಸೀಸೆ ತಿಳಿ ಇದೆ, ಒಳ್ಳೆಯದು. ಆದರೂ ಇಂಜಿನಿಯರ್ ಬಂದು ನೋಡುವವರೆಗೆ ಕೆರೆಯನ್ನು ಒಂದೂವರೆ ಮೀಟರ್ ಇಳಿಸಿಕೊಳ್ಳಿ.

ಮರಗಳನ್ನು ಈಗಲೇ ಕಡಿಸಬೇಡಿ. ಹೆಬ್ಬೆರಳು ಗಾತ್ರದ ಗಿಡ, ಪೊದೆ ಎಲ್ಲ ತೆಗೆಸಿ, ಏರಿಯ ಮೈ ಕಣ್ಣಿಗೆ ಕಾಣಬೇಕು. ಹೆಗ್ಗಣದ ಬಿಲ ಇದ್ದರೂ ಆಗಲೇ ಸಿಗುತ್ತದೆ. ದೊಡ್ಡ ಮರ ಕಡಿದು ಮೋಟು ಬಿಟ್ಟರೆ ಬೇರು ಒಳಗೇ ಕೊಳೆತು ಕೊಳವೆಯಾಗುತ್ತದೆ. ಹಾಗೇ ಬಿಟ್ಟರೆ ಗಾಳಿಗೆ ಬುಡಸಮೇತ ಉರುಳಿ ಏರಿಯ ಮೈಯನ್ನೇ ಕಿತ್ತುಕೊಂಡು ಹೋಗುತ್ತದೆ. ನೀರು ಇಳಿಸಿ, ಬೇರು ಅಗೆದು ತೆಗೆದು, ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಅದು ಗುತ್ತಿಗೆ ಕೆಲಸ, ವರದಿಯ ನಂತರದ್ದು. ಗಾಡಿ ಓಡಾಟ ಮಾತ್ರ ಇವತ್ತಿನಿಂದ ಬಂದ್.

ದೋಣಿಪ್ರಿಯ:

ವಾಲ್ವ್ ಮುಟ್ಟದೆ ಒಂದೂವರೆ ಮೀಟರ್ ಇಳಿಸುವುದು ಹೇಗೆ ಸರ್? ಪಂಪು ಹಚ್ಚಬೇಕಾ? ಮೀನು ಸಾಯಲ್ವಾ?

ಏರಿಕೆಲಸ:

ಪಂಪು ಬೇಡ, ಸೈಫನ್ ಸಾಕು. 6 ಇಂಚಿನ ದಪ್ಪ ಪಿವಿಸಿ ಪೈಪನ್ನು ಕೆರೆಯಿಂದ ಏರಿಯ ಮೇಲೆ ಹಾಯಿಸಿ ಹೊರಬದಿಯ ಬುಡದವರೆಗೆ ತನ್ನಿ. ಏರಿಯ ತಲೆಯ ಹತ್ತಿರ ಒಂದು ಟೀ, ಅಂದರೆ ಮೂರು ಬಾಯಿಯ ಪೈಪು ಜೋಡಣೆ, ಇರಲಿ. ಎರಡೂ ತುದಿ ಮುಚ್ಚಿ, ಟೀ ಬಾಯಿಂದ ನೀರು ತುಂಬಿ, ಟೀ ಬಿಗಿದು, ಮೊದಲು ನೀರಿನೊಳಗಿನ ತುದಿ ತೆರೆಯಿರಿ, ಆಮೇಲೆ ಕೆಳಗಿನದು. ಕೀಲುಗಳಲ್ಲಿ ಗಾಳಿ ಎಳೆಯಬಾರದು. ಒಳತುದಿಗೆ ಜಾಲರಿ ಕಟ್ಟಿ ಮೇಲ್ಮೈಯಿಂದ ಎರಡು ಮೀಟರ್ ಕೆಳಗಿಡಿ. ಇಲ್ಲವಾದರೆ ಮಟ್ಟ ಇಳಿದಂತೆ ಗಾಳಿ ಕುಡಿದು ನಿಂತುಬಿಡುತ್ತದೆ. ಹೊರತುದಿ ಜೊಂಡಿನ ಕಡೆ ಬರಬಾರದು. ಕಲ್ಲು ಹಾಸಿದ ಹಳ್ಳದ ಪಾತ್ರದವರೆಗೆ ಎಳೆದುಬಿಡಿ, ಏರಿಯ ಬುಡ ಕೊರೆಯಬಾರದು.

ನಿಮ್ಮ ಹರವಿಗೆ ಒಂದು ಪೈಪಿನಲ್ಲಿ ದಿನಕ್ಕೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಇಳಿಯಬಹುದು, ಹಳ್ಳದಿಂದ ಎಷ್ಟು ಬರುತ್ತಿದೆ ನೋಡಿಕೊಂಡು. ಆ ವೇಗವೇ ಒಳ್ಳೆಯದು. ದಿನಕ್ಕೆ ಒಂದಡಿಗಿಂತ ಜೋರಾಗಿ ಇಳಿಸಿದರೆ ಒಳ ಇಳಿಜಾರಿನ ಮಣ್ಣು ನೀರು ಬಸಿಯುವ ಮೊದಲೇ ಆಸರೆ ತಪ್ಪಿ ಜಾರುತ್ತದೆ. ಉಳಿಯುವ ಮೂರೂವರೆ ಮೀಟರ್ ಆಳ ಮೀನಿಗೆ ಧಾರಾಳ.

ಕೆಳದಂಡೆ ಅವರು ಹೇಳಿದ ಆ ಮೂರು ಮನೆಗೆ ಪೈಪು ತೆರೆಯುವ ಹಿಂದಿನ ದಿನವೇ ಹೋಗಿ ಬನ್ನಿ. ಸೆಕೆಂಡಿಗೆ ಮೂರ್ನಾಲ್ಕು ಕೊಡ ನೀರು ಹಳ್ಳದಲ್ಲಿ ಹೆಚ್ಚಾಗುತ್ತದೆ, ದನ ಕಟ್ಟುವ ಜಾಗ ನೋಡಿಕೊಳ್ಳಿ ಅಂತ ಹೇಳಿ. ಆ ಹಾಳೆಗೆ ಫೋನ್ ನಂಬರ್‌ಗಳನ್ನೂ ಆಗಲೇ ಬರೆಸಿಕೊಳ್ಳಿ.